ದೊಡ್ಡ ಹಣ್ಣಿನ ಪಾರಂಪರಿಕ ಟೊಮೆಟೊ: ಮನೆಯಂಗಳದಲ್ಲಿ ಬೀಜದಿಂದ ಬೆಳೆಯುವವರ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಉತ್ತರಗಳನ್ನು ಬೆಂಗಳೂರಿನ ಸುತ್ತಲಿನ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಯಲಿನ ಹವೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ. ಕರಾವಳಿ, ಮಲೆನಾಡು ಮತ್ತು ಉತ್ತರದ ಬಯಲುಸೀಮೆಯವರಿಗೆ ಎಲ್ಲಿ ವ್ಯತ್ಯಾಸವಾಗುತ್ತದೆಯೋ ಅಲ್ಲಿ ಅದನ್ನು ಹೇಳಿದೆ.

ಪಾರಂಪರಿಕ ತಳಿ ಎಂದರೆ ಯಾವುದು? ನಮ್ಮ ನಾಟಿ ಟೊಮೆಟೊ ಕೂಡ ಅದೇ ಅಲ್ಲವೇ?

ಹಣ್ಣಿನಿಂದ ಬೀಜ ತೆಗೆದು ಬಿತ್ತಿದರೆ ತಾಯಿಗಿಡದಂಥದ್ದೇ ಗಿಡ ಬರುವ, ಕುಟುಂಬದಲ್ಲೋ ಊರಲ್ಲೋ ಹಲವು ತಲೆಮಾರುಗಳಿಂದ ಕೈಯಿಂದ ಕೈಗೆ ದಾಟಿ ಬಂದಿರುವ ತಳಿಯನ್ನು ಪಾರಂಪರಿಕ ತಳಿ, ಅಂದರೆ ಏರ್‌ಲೂಮ್ ಎನ್ನುತ್ತಾರೆ. ಟೊಮೆಟೊ ಹೂವು ತನ್ನ ಪರಾಗದಿಂದಲೇ ಫಲ ಕಟ್ಟುವುದರಿಂದ ಹೆಚ್ಚಿನ ಶ್ರಮವಿಲ್ಲದೆ ಈ ಶುದ್ಧತೆ ಉಳಿಯುತ್ತದೆ. ಎಫ್-1 ಹೈಬ್ರಿಡ್, ಅಂದರೆ ಎರಡು ತಳಿಗಳನ್ನು ಬೆರಸಿ ಪಡೆದ ಮೊದಲ ತಲೆಮಾರಿನ ಗಿಡದ ಹಣ್ಣಿನ ಬೀಜವೂ ಮೊಳೆಯುತ್ತದೆ. ಆದರೆ ಆ ಸಸಿಗಳಲ್ಲಿ ಒಂದೊಂದೂ ಒಂದೊಂದು ಬಗೆಯಾಗುತ್ತದೆ.

ನಾಟಿ ಟೊಮೆಟೊ ತತ್ವತಃ ಇದೇ ಗುಂಪಿಗೆ ಸೇರುತ್ತದೆ. ಹಳಬರು ಚಪ್ಪರಬದನೆ ಅಥವಾ ಗೂದೆಹಣ್ಣು ಎಂದು ಕರೆಯುತ್ತಿದ್ದ, ಚಪ್ಪಟೆಯಾಗಿ ಏಣುಏಣಾಗಿರುವ ಆ ಹುಳಿ ಹಣ್ಣಿನ ಬೀಜವನ್ನು ಮನೆಯಲ್ಲಿಯೇ ಎತ್ತಿಡುವ ರೂಢಿಯಿತ್ತು. ಈಗಿನ ಮಾರುಕಟ್ಟೆಯಲ್ಲಿ ‘ನಾಟಿ’ ಎಂಬ ಮಾತು ಹಣ್ಣಿನ ಆಕಾರವನ್ನೂ ಹುಳಿಯನ್ನೂ ಸೂಚಿಸುತ್ತದೆಯೇ ಹೊರತು ಬೀಜದ ಚರಿತ್ರೆಯನ್ನಲ್ಲ. ಸಾರು, ಗೊಜ್ಜುಗಳಿಗೆ ನಾಟಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಹೇಳಹೊರಟಿರುವ ದೊಡ್ಡ ಹಣ್ಣುಗಳು ಹೋಳು ಮಾಡಿ, ಉಪ್ಪು ಮೆಣಸಿನಪುಡಿ ಉದುರಿಸಿ ಹಸಿಯಾಗಿಯೇ ತಿನ್ನುವಂಥವು. ಅವನ್ನು ಕುದಿಸುವುದು ದಂಡ.

ಮೊದಲ ಸಲ ಬೆಳೆಯುವವರು ಯಾವ ತಳಿಯನ್ನು ಆರಿಸಬೇಕು?

ಚೆರೋಕೀ ಪರ್ಪಲ್. ಅಮೆರಿಕದ ಟೆನೆಸಿ ರಾಜ್ಯದ ತೋಟಗಾರರೊಬ್ಬರು 1990ರಲ್ಲಿ ಹೆಸರಿಲ್ಲದ ಒಂದಿಷ್ಟು ಬೀಜವನ್ನು ಅಂಚೆಯಲ್ಲಿ ಕ್ರೇಗ್ ಲೆಹೂಲಿಯರ್ ಎಂಬ ಬೀಜಸಂಗ್ರಾಹಕರಿಗೆ ಕಳುಹಿಸಿದರು. ಚೆರೋಕೀ ಮೂಲನಿವಾಸಿಗಳಿಂದ ಬಂದದ್ದೆಂದು ಜೊತೆಯಲ್ಲಿದ್ದ ಪತ್ರ ಹೇಳುತ್ತಿದ್ದುದರಿಂದ ಅವರು ಅದಕ್ಕೆ ಈ ಹೆಸರಿಟ್ಟರು. ಹಣ್ಣು ಮಾಗಿದಾಗಲೂ ತಿರುಳಿನ ಹಸಿರು ಬಣ್ಣ ಪೂರ್ತಿ ಕರಗುವುದಿಲ್ಲ. ಆ ಹಸಿರು ಕೆಂಪಿನೊಡನೆ ಬೆರೆತು ನೇರಳೆಗಂದು ಬಣ್ಣ ಕಾಣಿಸುತ್ತದೆ. ಸಸಿ ನೆಟ್ಟ ಸುಮಾರು 80 ದಿನಗಳಿಗೆ ಹಣ್ಣು ಕೊಡುವುದರಿಂದ ನಮ್ಮ ಮೊಟಕಾದ ಚಳಿಗಾಲಕ್ಕೆ ಇದು ಹೊಂದುತ್ತದೆ.

ರುಚಿಗೆ ಎಲ್ಲರೂ ಹೊಗಳುವ ಗುಲಾಬಿ ಬಣ್ಣದ ಬ್ರಾಂಡಿವೈನ್ ಇನ್ನೂ ಹತ್ತು ಹದಿನೈದು ದಿನ ತಡ, ಮತ್ತು ಕಾಯಿ ಕಚ್ಚುವುದರಲ್ಲಿ ಜಿಪುಣ. ಇದರ ಎಲೆ ಆಲೂಗಡ್ಡೆ ಎಲೆಯಂತೆ ಅಂಚಿನಲ್ಲಿ ಕಚ್ಚುಗಳಿಲ್ಲದೆ ಅಗಲವಾಗಿರುತ್ತದೆ. ಈ ಲಕ್ಷಣ ಒಂದೇ ಅಪ್ರಬಲ ಗುಣಾಣುವಿನಿಂದ, ಅಂದರೆ ತಂದೆ ತಾಯಿ ಎರಡೂ ಕಡೆಯಿಂದ ಬಂದಾಗ ಮಾತ್ರ ಹೊರಗೆ ತೋರುವ ಗುಣಾಣುವಿನಿಂದ ಬರುವುದರಿಂದ ಒಂದು ಉಪಯೋಗವುಂಟು: ಬ್ರಾಂಡಿವೈನ್ ಬಿತ್ತಿದ ತಟ್ಟೆಯಲ್ಲಿ ಮಾಮೂಲಿ ಗರಗಸದೆಲೆಯ ಸಸಿ ಕಾಣಿಸಿಕೊಂಡರೆ ಆ ಬೀಜ ಬೆರಕೆಯೆಂದು ಮೂರನೆಯ ವಾರದಲ್ಲಿಯೇ ತಿಳಿಯುತ್ತದೆ.

ಮೂರನೆಯದು ಮಾರ್ಟ್‌ಗೇಜ್ ಲಿಫ್ಟರ್. ಪಶ್ಚಿಮ ವರ್ಜೀನಿಯಾದಲ್ಲಿ ರೇಡಿಯೇಟರ್ ದುರಸ್ತಿ ಮಾಡುತ್ತಿದ್ದ ಬೈಲ್ಸ್ ಎಂಬಾತ ದೊಡ್ಡ ಹಣ್ಣಿನ ತಳಿಗಳನ್ನು ಬೆರಸಿ, ವರ್ಷವರ್ಷವೂ ಆರಿಸಿ ಇದನ್ನು ರೂಪಿಸಿದ. 1940ರ ದಶಕದಲ್ಲಿ ಸಸಿಗೆ ಒಂದು ಡಾಲರಿನಂತೆ ಮಾರಿ, ಆರು ವರ್ಷಗಳಲ್ಲಿ ಮನೆಯ ಮೇಲಿದ್ದ 6,000 ಡಾಲರ್ ಅಡಮಾನದ ಸಾಲವನ್ನು ತೀರಿಸಿದ್ದರಿಂದ ಹಣ್ಣಿಗೆ ಆ ಹೆಸರು ಬಂತು. ಕೋಲಾರದ ರೈತರು ಈ ಕಥೆ ಕೇಳಿ ನಕ್ಕಾರು. ಅಲ್ಲಿ ಟೊಮೆಟೊ ಸಾಲ ತೀರಿಸಿದ ವರ್ಷಗಳೂ ಉಂಟು, ಸಾಲ ಹೊರಿಸಿದ ವರ್ಷಗಳೂ ಉಂಟು.

ಹಣ್ಣು ಅರ್ಧ ಕಿಲೋ ತೂಗಲು ಯಾವ ಗೊಬ್ಬರ ಹಾಕಬೇಕು?

ಗಾತ್ರವನ್ನು ಗೊಬ್ಬರ ನಿರ್ಧರಿಸುವುದಿಲ್ಲ, ತಳಿ ನಿರ್ಧರಿಸುತ್ತದೆ. ಕಾಡು ಟೊಮೆಟೊವನ್ನು ಅಡ್ಡ ಕೊಯ್ದರೆ ಬೀಜ ತುಂಬಿದ ಎರಡು ಕೋಣೆಗಳು ಕಾಣುತ್ತವೆ. ದೊಡ್ಡ ಹಣ್ಣಿನ ತಳಿಗಳಲ್ಲಿ ಕೋಣೆಗಳ ಸಂಖ್ಯೆ ಹೆಚ್ಚಿಸುವ ಗುಣಾಣುಗಳು ಸೇರಿಕೊಂಡಿರುವುದರಿಂದ ಹತ್ತಾರು ಸಣ್ಣ ಕೋಣೆಗಳೂ ನಡುನಡುವೆ ದಪ್ಪ ತಿರುಳೂ ಇರುತ್ತವೆ. ಹೂವಿನಲ್ಲಿಯೇ ಇದರ ಸುಳಿವು ಸಿಗುತ್ತದೆ. ಸಾಮಾನ್ಯ ಹೂವಿಗೆ ಐದಾರು ಎಸಳುಗಳಿದ್ದರೆ, ಕೆಲವು ಹೂವುಗಳು ಎರಡು ಮೂರು ಒಂದಕ್ಕೊಂದು ಬೆಸೆದು ಸಣ್ಣ ಸೇವಂತಿಗೆಯಂತೆ ಅಗಲವಾಗಿ ಅರಳುತ್ತವೆ. ಅತಿ ದೊಡ್ಡ ಹಣ್ಣಾಗುವುದು ಅಂಥ ಹೂವೇ, ಅಂಕುಡೊಂಕಾಗುವುದೂ ಅದೇ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2020ರಲ್ಲಿ ತೂಗಿದ 4.896 ಕಿಲೋ ಹಣ್ಣಿನ ಸುದ್ದಿ ಓದಿ ಯಾರೂ ಯೂರಿಯಾ ಚೀಲ ತರಬಾರದು. ಸಾರಜನಕ ಹೆಚ್ಚಾದರೆ ಗಿಡ ಆಳೆತ್ತರಕ್ಕೆ ಕಪ್ಪು ಹಸಿರಾಗಿ ಬೆಳೆದು ಹೂವನ್ನೇ ಮರೆಯುತ್ತದೆ. ಮನೆಯಂಗಳದಲ್ಲಿ 300ರಿಂದ 500 ಗ್ರಾಂ ತೂಗುವ ಹಣ್ಣು ಬಂದರೆ ಅದು ಒಳ್ಳೆಯ ಬೆಳೆ.

ಬೀಜವನ್ನು ಯಾವ ತಿಂಗಳಿನಲ್ಲಿ ಹಾಕಬೇಕು? ಟೊಮೆಟೊ ವರ್ಷವಿಡೀ ಬೆಳೆಯುತ್ತದಲ್ಲ?

ಹೊಲದ ಹೈಬ್ರಿಡ್‌ಗಳು ವರ್ಷವಿಡೀ ಬೆಳೆಯುತ್ತವೆ, ಇವು ಬೆಳೆಯುವುದಿಲ್ಲ. ಈ ಪುಟದಲ್ಲಿ ಒಂದೇ ಉತ್ತರವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ರಾತ್ರಿಯ ಉಷ್ಣತೆ 21 ಡಿಗ್ರಿಗಿಂತಲೂ ಹಗಲಿನದು 32 ಡಿಗ್ರಿಗಿಂತಲೂ ಮೇಲೇರಿದಾಗ ದೊಡ್ಡ ಹಣ್ಣಿನ ತಳಿಗಳ ಪರಾಗ ಕೆಡುತ್ತದೆ. ಹೂವು ಅರಳುತ್ತದೆ, ಆದರೆ ತೊಟ್ಟಿನ ಗಂಟಿನಲ್ಲಿ ಹಳದಿಯಾಗಿ ಉದುರುತ್ತದೆ. ರಾತ್ರಿ 13 ಡಿಗ್ರಿಗಿಂತ ಕೆಳಗಿಳಿದರೂ ಇದೇ ಗತಿ, ಆದರೆ ಆ ಭಯ ಬೆಂಗಳೂರಿನಲ್ಲಿ ಕಡಿಮೆ. ಇಲ್ಲಿ ಡಿಸೆಂಬರ್, ಜನವರಿಗಳಲ್ಲಿ ರಾತ್ರಿ ಸುಮಾರು 15–16 ಡಿಗ್ರಿಯಿದ್ದು, ಏಪ್ರಿಲ್ ಹೊತ್ತಿಗೆ 22ರ ಆಸುಪಾಸಿಗೆ ಏರುತ್ತದೆ. ಆದ್ದರಿಂದ ಗಿಡದಲ್ಲಿ ಹೂವು ತುಂಬಿರಬೇಕಾದ ಕಾಲ ಡಿಸೆಂಬರಿನಿಂದ ಫೆಬ್ರವರಿಯ ಮಧ್ಯದವರೆಗೆ. ಅಲ್ಲಿಂದ ಹಿಂದಕ್ಕೆ ಎಣಿಸಿ: ನೆಟ್ಟ ಐದಾರು ವಾರಗಳಿಗೆ ಹೂವು, ಅದಕ್ಕೆ ಮೊದಲು ಸಸಿತಟ್ಟೆಯಲ್ಲಿ ನಾಲ್ಕೈದು ವಾರ. ಗಣೇಶನ ಹಬ್ಬ ಮುಗಿದ ಮೇಲೆ ಬಿತ್ತಲು ಆರಂಭಿಸಿ, ದಸರೆಯ ಹೊತ್ತಿಗೆ ಬಿತ್ತನೆ ಮುಗಿಸಿದರೆ ಲೆಕ್ಕ ಸರಿಹೋಗುತ್ತದೆ.

ಚಿತ್ತೆ, ಸ್ವಾತಿ ಮಳೆಗಳು ಜೋರಾಗಿರುವ ಅಕ್ಟೋಬರಿನಲ್ಲಿ ಸಸಿಗಳು ಸೂರಿನಡಿಯ ತಟ್ಟೆಯಲ್ಲಿಯೇ ಇರುವುದು ಇನ್ನೊಂದು ಲಾಭ. ಆಗಸ್ಟಿನಲ್ಲಿಯೇ ಆತುರಪಟ್ಟು ಬಿತ್ತಿದವರ ಗಿಡಗಳು ಆ ಮಳೆಗೆ ಸಿಕ್ಕು, ಮೂರು ದಿನ ಮೋಡ ಮುಸುಕಿದರೆ ಸಾಕು, ಅಂಗಮಾರಿಯಿಂದ ಸುಟ್ಟಂತೆ ಕಪ್ಪಾಗುತ್ತವೆ.

ನಾನು ಈ ಪಾಠವನ್ನು ಕಲಿತದ್ದು ಕೆಡಿಸಿಕೊಂಡು. ಮೊದಲ ವರ್ಷ ಸಂಕ್ರಾಂತಿ ಕಳೆದ ಮೇಲೆ ಆರು ಬ್ರಾಂಡಿವೈನ್ ಸಸಿ ಮಾಡಿ ಯುಗಾದಿಯ ಮುನ್ನ ನೆಟ್ಟೆ. ಗಿಡಗಳು ನನ್ನ ಎದೆಮಟ್ಟ ಬೆಳೆದವು. ಮೇ ತಿಂಗಳಿಡೀ ಬೆಳಗ್ಗೆ ಎದ್ದು ನೋಡಿದರೆ ಬುಡದಲ್ಲಿ ಹಳದಿ ಹೂವು ರಂಗೋಲಿಯಂತೆ ಚೆಲ್ಲಿರುತ್ತಿತ್ತು. ಆರು ಗಿಡಗಳಿಂದ ದೊರೆತದ್ದು ಎರಡು ಹಣ್ಣು. ಅದರಲ್ಲಿ ಒಂದು ಅಳಿಲಿನ ಪಾಲಾಯಿತು.

ಮೈಸೂರು, ಹಾಸನ, ತುಮಕೂರಿನವರಿಗೂ ಇದೇ ಲೆಕ್ಕ. ಧಾರವಾಡ, ವಿಜಯಪುರ, ಕಲಬುರಗಿಗಳಲ್ಲಿ ಚಳಿಗಾಲದ ರಾತ್ರಿಗಳು ಚೆನ್ನಾಗಿ ತಂಪಾಗಿದ್ದರೂ ಫೆಬ್ರವರಿ ಕೊನೆಗೇ ಹಗಲು ಕಾಯತೊಡಗುವುದರಿಂದ ಎರಡು ವಾರ ಮುಂಚೆ ಬಿತ್ತಬೇಕು. ಮಂಗಳೂರು, ಉಡುಪಿಗಳಲ್ಲಿ ಜನವರಿಯ ರಾತ್ರಿಯೂ 20 ಡಿಗ್ರಿಯ ಮೇಲೆಯೇ ಇರುವುದರಿಂದ ಈ ತಳಿಗಳ ಆಸೆ ಬಿಟ್ಟು ಸಣ್ಣ ಹಣ್ಣಿನವನ್ನು ಬೆಳೆಯುವುದು ಜಾಣತನ.

ಬೀಜ ಎಲ್ಲಿ ಸಿಗುತ್ತದೆ? ಅಮೆರಿಕದಲ್ಲಿರುವ ಮಗಳು ಬರುವಾಗ ತರಬಹುದೇ?

ಬಿತ್ತನೆಬೀಜವನ್ನು ದೇಶದೊಳಕ್ಕೆ ತರಲು 2003ರ ಸಸ್ಯ ಸಂಗರೋಧ ಆದೇಶದಂತೆ ಆಮದು ಪರವಾನಗಿಯೂ, ಬೀಜ ಹೊರಟ ದೇಶದ ಸಸ್ಯಾರೋಗ್ಯ ಪ್ರಮಾಣಪತ್ರವೂ ಬೇಕು. ಸೂಟ್‌ಕೇಸಿನ ಮೂಲೆಯಲ್ಲಿ ಲಕೋಟೆ ತರುವವರು ಬಹಳ ಮಂದಿಯಿದ್ದಾರೆಂಬುದು ನಿಜ. ಆದರೆ ಬೀಜದ ಸಿಪ್ಪೆಗೆ ಅಂಟಿ ಬರುವ ವೈರಸ್‌ಗಳು ಟೊಮೆಟೊಗೆ ಇವೆ, ಮತ್ತು ಕೋಲಾರ ಜಿಲ್ಲೆಯ ಬದುಕು ಟೊಮೆಟೊ ಮೇಲೆ ನಿಂತಿದೆ. ನಮ್ಮ ಒಂದು ತಟ್ಟೆ ಹಣ್ಣಿನ ಚಪಲಕ್ಕೆ ಅಷ್ಟು ದೊಡ್ಡ ಅಪಾಯ ತರಬಾರದು. ದೇಶದೊಳಗೆ ಬೀಜ ಉಳಿಸಿ ಹಂಚುವವರಿದ್ದಾರೆ. ಸಹಜ ಸಮೃದ್ಧದಂಥ ಬಳಗಗಳು ನಡೆಸುವ ಬೀಜಮೇಳಗಳಲ್ಲಿ ಅಂಥವರು ಸಿಗುತ್ತಾರೆ. ಅಂತರ್ಜಾಲದ ಮಾರಾಟಗಾರರೊಬ್ಬರಿಂದ ನಾನು ಕೊಂಡ ‘ಚೆರೋಕೀ ಪರ್ಪಲ್’ ನಾಲ್ಕು ತಿಂಗಳ ಆರೈಕೆಯ ನಂತರ ಗೋಲಿಗಾತ್ರದ ಕೆಂಪು ಹಣ್ಣು ಬಿಟ್ಟಿತ್ತು. ಆ ಹಣ್ಣನ್ನು ಸ್ವತಃ ಬೆಳೆದು ತಿಂದವರ ಕೈಯಿಂದ ಬೀಜ ಪಡೆಯುವುದೇ ಲೇಸು.

ಬಿತ್ತುವ ಕ್ರಮ ಹೇಗೆ? ಮೊಳೆತ ಸಸಿಗಳು ಬುಡದಲ್ಲಿ ಕೊಳೆತು ಮಲಗುವುದೇಕೆ?

ತೆಂಗಿನ ನಾರಿನ ಪುಡಿ ಮತ್ತು ಜರಡಿ ಹಿಡಿದ ಎರೆಗೊಬ್ಬರವನ್ನು ಸಮಸಮ ಬೆರಸಿ, ತೂತಿರುವ ತಟ್ಟೆ ಅಥವಾ ಕಾಗದದ ಲೋಟಗಳಲ್ಲಿ ತುಂಬಿ, ಅರ್ಧ ಸೆಂಟಿಮೀಟರ್ ಆಳಕ್ಕೆ ಬೀಜ ಇಡಬೇಕು. 21ರಿಂದ 29 ಡಿಗ್ರಿ ಉಷ್ಣತೆಯಲ್ಲಿ ಐದರಿಂದ ಹತ್ತು ದಿನಕ್ಕೆ ಮೊಳಕೆ ಬರುತ್ತದೆ. ಮೊಳಕೆ ಕಂಡ ದಿನವೇ ತಟ್ಟೆಯನ್ನು ಪೂರ್ಣ ಬೆಳಕಿಗೆ ತರಬೇಕು. ಅಡುಗೆಮನೆಯ ಕಿಟಕಿಯಲ್ಲಿ ಇಟ್ಟ ಸಸಿ ಒಂದೇ ವಾರದಲ್ಲಿ ನೂಲಿನಂತೆ ಉದ್ದವಾಗಿ ಬಾಗುತ್ತದೆ.

ಬುಡ ಕೊಳೆಯುವುದು ಮಣ್ಣಿನ ಶಿಲೀಂಧ್ರಗಳಿಂದ, ಮತ್ತು ಅವನ್ನು ಕರೆಯುವವರು ದಿನಕ್ಕೆ ಮೂರು ಸಲ ನೀರು ಚಿಮುಕಿಸುವ ನಾವೇ. ತಟ್ಟೆಯನ್ನು ನೀರಿನ ಬೋಗುಣಿಯಲ್ಲಿ ಹತ್ತು ನಿಮಿಷ ಇಟ್ಟು ಕೆಳಗಿನಿಂದ ನೀರು ಹೀರಿಸಿ, ಮೇಲ್ಪದರ ಒಣಗುವವರೆಗೆ ಮತ್ತೆ ಮುಟ್ಟಬಾರದು. ಮೊದಲ ದಿನದಿಂದಲೇ ತಟ್ಟೆಯ ಮೇಲೆ ಸಣ್ಣ ಕಣ್ಣಿನ ನೈಲಾನ್ ಪರದೆ ಕಟ್ಟಬೇಕು. ಇದು ಯಾಕೆಂದು ಮುಂದೆ ಹೇಳಿದೆ.

ತಾರಸಿಯ ಕುಂಡದಲ್ಲಿ ಬೆಳೆಯಬಹುದೇ?

ಬೆಳೆಯಬಹುದು, ಕುಂಡದಲ್ಲಿ 40 ಲೀಟರ್ ಮಣ್ಣಾದರೂ ಹಿಡಿಯುವಂತಿದ್ದರೆ. ನೆಲವಿದ್ದರೆ ನೆಲವೇ ಉತ್ತಮ. ಕೆಂಪುಮಣ್ಣಿನಲ್ಲಿ ಒಂದೂವರೆ ಅಡಿ ಗುಣಿ ತೆಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಬಾಣಲೆಯಷ್ಟು, ಬೇವಿನ ಹಿಂಡಿ ಎರಡು ಹಿಡಿ ಬೆರಸಿ, ಗಿಡದಿಂದ ಗಿಡಕ್ಕೆ 75ರಿಂದ 90 ಸೆಂಟಿಮೀಟರ್ ಬಿಡಬೇಕು. ನೆಡುವಾಗ ಕೆಳಗಿನ ಎಲೆಗಳನ್ನು ಕಿತ್ತು ಕಾಂಡದ ಮೂರನೆಯ ಎರಡು ಭಾಗವನ್ನು ಹೂಳಬಹುದು; ಹೂತ ಕಾಂಡದುದ್ದಕ್ಕೂ ಹೊಸ ಬೇರು ಒಡೆಯುತ್ತದೆ. ಉದ್ದವಾಗಿ ಬಾಗಿದ ಸಸಿಗಳಿಗೂ ಇದೇ ಪರಿಹಾರ.

ಎಲೆ ಕಾಂಡಕ್ಕೆ ಸೇರುವಲ್ಲಿ ಒಡೆಯುವ ಕಂಕುಳ ಚಿಗುರುಗಳನ್ನು ಚಿವುಟಲೇಬೇಕೇ?

ಈ ತಳಿಗಳು ಬೆಳವಣಿಗೆ ನಿಲ್ಲಿಸದೆ ಆರೇಳು ಅಡಿ ಏರುವುದರಿಂದ ಎರಡು ಕಾಂಡ ಉಳಿಸಿ ಮಿಕ್ಕ ಚಿಗುರುಗಳನ್ನು ಬೆರಳುದ್ದವಾಗುವ ಮೊದಲೇ ಚಿವುಟುವುದು ಅನುಕೂಲ. ಬಿದಿರಿನ ಗಳು ಅಥವಾ ಸರ್ವೆ ಗೂಟವನ್ನು ನೆಡುವ ದಿನವೇ ಹೂಳಿ. ಬೇರು ಹರಡಿದ ಮೇಲೆ ಗೂಟ ಬಡಿದರೆ ಬೇರು ತುಂಡಾಗುತ್ತದೆ. ಕಟ್ಟಲು ಹಳೆಯ ಸೀರೆಯ ಅಂಚು ಸಾಕು. ಆದರೆ ಎಲೆಗಳನ್ನು ಹೆಚ್ಚು ಕೀಳಬಾರದು: ಫೆಬ್ರವರಿಯ ಬಿಸಿಲು ನೇರವಾಗಿ ಕಾಯಿಯ ಮೇಲೆ ಬಿದ್ದರೆ ಆ ಜಾಗ ಬೆಳ್ಳಗೆ ಬೆಂದು ಕಾಗದದಂತಾಗುತ್ತದೆ.

ಕಾಯಿಯ ತಳ ಕಪ್ಪಾಗಿ ಕುಳಿ ಬೀಳುತ್ತಿದೆ. ಮೊಟ್ಟೆಯ ಚಿಪ್ಪು ಹಾಕಿದರೆ ಸರಿಹೋಗುತ್ತದೆಯೇ?

ಅದು ರೋಗವಲ್ಲ, ಕಾಯಿಯ ತುದಿಗೆ ಸುಣ್ಣಾಂಶ ತಲುಪದ ದೋಷ. ಹೆಚ್ಚಿನ ಮಣ್ಣಿನಲ್ಲಿ ಸುಣ್ಣಾಂಶ ಸಾಕಷ್ಟಿರುತ್ತದೆ. ಅದು ನೀರಿನೊಡನೆ ಮಾತ್ರ ಮೇಲೇರುವುದರಿಂದ, ಎರಡು ದಿನ ಒಣಗಿಸಿ ಮೂರನೆಯ ದಿನ ಕೊಡಗಟ್ಟಲೆ ಸುರಿಯುವವರ ಗಿಡದಲ್ಲಿ ಇದು ಹೆಚ್ಚು. ಚಿಪ್ಪು ಕರಗಿ ಗಿಡಕ್ಕೆ ದಕ್ಕುವ ಹೊತ್ತಿಗೆ ಬೆಳೆಯೇ ಮುಗಿದಿರುತ್ತದೆ. ಬುಡಕ್ಕೆ ಮೂರು ಬೆರಳು ದಪ್ಪ ರಾಗಿಹುಲ್ಲು ಅಥವಾ ಒಣ ತರಗು ಹೊದಿಸಿ, ನೀರನ್ನು ಒಂದೇ ಸಮನಾಗಿ ಕೊಟ್ಟರೆ ಮುಂದಿನ ಗೊಂಚಲು ಸರಿಯಾಗಿ ಬರುತ್ತದೆ. ಹಣ್ಣು ಸೀಳುವುದಕ್ಕೂ ಇದೇ ಏರುಪೇರಿನ ನೀರು ಕಾರಣ.

ಚಳಿಗಾಲದಲ್ಲಿಯೂ ಹೂವು ಕಾಯಿ ಕಚ್ಚುತ್ತಿಲ್ಲ. ಜೇನುಹುಳುಗಳು ಬಾರದಿರುವುದು ಕಾರಣವೇ?

ಜೇನುಹುಳುಗಳಿಂದ ಟೊಮೆಟೊಗೆ ಹೆಚ್ಚಿನ ಪ್ರಯೋಜನವಿಲ್ಲ. ಇದರ ಪರಾಗ ಕೊಳವೆಯಂಥ ಪರಾಗಕೋಶದೊಳಗೆ ಅಡಗಿದ್ದು ಅದುರಿದಾಗ ಮಾತ್ರ ಉದುರುತ್ತದೆ. ಹೂವನ್ನು ಹಿಡಿದು ಝೇಂಕರಿಸಿ ಅದುರಿಸುವ ಶಕ್ತಿ ಇರುವುದು ನೀಲಿ ಪಟ್ಟೆಯ ದುಂಬಿಗೂ, ಮರ ಕೊರೆಯುವ ದೊಡ್ಡ ಕಪ್ಪು ದುಂಬಿಗೂ. ಗಾಳಿಯಿಲ್ಲದ ಮೂಲೆಯಲ್ಲಿ ಗಿಡವಿದ್ದರೆ ಬೆಳಗ್ಗೆ ಹತ್ತರ ಸುಮಾರಿಗೆ, ಇಬ್ಬನಿ ಆರಿದ ಮೇಲೆ, ಗೊಂಚಲಿನ ಹಿಂದೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಕೆಳಗೆ ಕಪ್ಪು ಬಟ್ಟೆ ಹಿಡಿದರೆ ಉದುರುವ ಪರಾಗ ಹಿಟ್ಟಿನಂತೆ ಕಾಣುತ್ತದೆ. ಕಾಣದಿದ್ದರೆ ಮಧ್ಯಾಹ್ನ ಇನ್ನೊಮ್ಮೆ ಪ್ರಯತ್ನಿಸಿ.

ಎಲೆಗಳು ಮೇಲ್ಮುಖವಾಗಿ ಮುರುಟಿ, ಸಣ್ಣದಾಗಿ ಗಿಡ ನಿಂತುಹೋಗಿದೆ. ಏನು ಸಿಂಪಡಿಸಬೇಕು?

ಏನನ್ನು ಸಿಂಪಡಿಸಿದರೂ ಆ ಗಿಡ ಉಳಿಯುವುದಿಲ್ಲ. ಅದು ಎಲೆ ಮುರುಟು ವೈರಸ್. ಬೆಂಗಳೂರಿನ ಹೆಸರನ್ನೇ ಹೊತ್ತ ಒಂದು ವೈರಸ್ ಕೂಡ ಈ ಗುಂಪಿನಲ್ಲಿದೆ. ಬಿಳಿನೊಣ ಇದನ್ನು ಗಿಡದಿಂದ ಗಿಡಕ್ಕೆ ಸಾಗಿಸುತ್ತದೆ. ಎಳೆಯ ಸಸಿಗೆ ತಗಲಿದಷ್ಟೂ ನಷ್ಟ ಹೆಚ್ಚು, ಅದಕ್ಕೇ ಸಸಿತಟ್ಟೆಗೆ ಪರದೆ. ರೋಗ ಕಂಡ ಗಿಡವನ್ನು ಚೀಲದಲ್ಲಿ ಸುತ್ತಿ ಕಿತ್ತು ಹೊರಹಾಕಬೇಕು. ಬಿಸಿಲು ಏರಿದಂತೆ ಬಿಳಿನೊಣ ಹೆಚ್ಚುವುದರಿಂದ ಬೇಸಿಗೆಯ ಬೆಳೆಗೆ ಇದರ ಕಾಟ ಬಹಳ; ತಂಪು ಕಾಲದ ಬಿತ್ತನೆಗೆ ಇದು ಮತ್ತೊಂದು ಕಾರಣ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹೈಬ್ರಿಡ್‌ಗೆ ಎಲೆ ಮುರುಟು, ದುಂಡಾಣು ಸೊರಗು, ಎಲೆ ಅಂಗಮಾರಿ ಈ ಮೂರನ್ನೂ ತಡೆಯುವ ಗುಣವಿದೆ. ನಮ್ಮ ಪಾರಂಪರಿಕ ಹಣ್ಣುಗಳಿಗೆ ಈ ಮೂರರಲ್ಲಿ ಒಂದನ್ನೂ ತಡೆಯುವ ಶಕ್ತಿಯಿಲ್ಲ. ಅಡುಗೆಗೆ ತಪ್ಪದೆ ಟೊಮೆಟೊ ಬೇಕೆನ್ನುವವರು ಪಕ್ಕದಲ್ಲಿ ಎರಡು ರಕ್ಷಕ್ ಗಿಡ ನೆಡುವುದರಲ್ಲಿ ಅವಮಾನವೇನಿಲ್ಲ.

ಹಸಿರಾಗಿದ್ದ ಗಿಡ ಒಂದೇ ದಿನದಲ್ಲಿ ಬಾಡಿ ಜೋತುಬಿತ್ತು. ನೀರು ಕಡಿಮೆಯಾಯಿತೇ?

ಸಂಜೆಗೂ ಚೇತರಿಸದಿದ್ದರೆ ದುಂಡಾಣು ಸೊರಗು ರೋಗವೆಂದು ಶಂಕಿಸಬೇಕು. ಬುಡದ ಕಾಂಡದ ಗೇಣುದ್ದ ತುಂಡನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಅಲುಗಿಸದೆ ಹಿಡಿದರೆ, ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆ ಕೆಳಮುಖವಾಗಿ ಇಳಿಯುತ್ತದೆ. ಎಳೆ ಕಂಡರೆ ಆ ಮಣ್ಣಿನಲ್ಲಿ ಮತ್ತೆ ಕೆಲವು ವರ್ಷ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕಬಾರದು. ಮಲೆನಾಡು, ಕರಾವಳಿಯ ಹುಳಿಮಣ್ಣಿನಲ್ಲಿ ಇದು ಸಾಮಾನ್ಯ. ಅಲ್ಲಿನವರು ಸೊರಗು ತಡೆಯುವ ಬದನೆಯ ಬೇರುಸಸಿಗೆ ಟೊಮೆಟೊ ಕಸಿ ಮಾಡಿ ಬೆಳೆಯುವುದುಂಟು.

ಹುಳುಗಳಿಗೆ?

ಕಾಯಿಕೊರಕಕ್ಕೆ ಸಾಲಿನ ನಡುವೆ ಚೆಂಡುಹೂವು ನೆಡಿ. ಟೊಮೆಟೊ ಸಸಿಗಿಂತ ಮೂರು ವಾರ ಹಿರಿಯದಾಗಿದ್ದರೆ ಎರಡೂ ಒಟ್ಟಿಗೆ ಹೂವಾಗಿ ಪತಂಗ ಅತ್ತ ಸೆಳೆಯಲ್ಪಡುತ್ತದೆ. 2014ರಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟ, ಕೋಲಾರದ ಕಡೆ ಊಜಿ ಎಂದು ಕರೆಯುವ ಟೂಟಾ ಪತಂಗದ ಮರಿ ಎಲೆಯ ಎರಡು ಪದರಗಳ ನಡುವೆ ಹೊಕ್ಕು ಬಿಳಿ ಮಚ್ಚೆ ಮಾಡುತ್ತದೆ. ಅಂಥ ಎಲೆಯನ್ನು ಆ ದಿನವೇ ಕಿತ್ತು ಸುಡಬೇಕು. ನಾಲ್ಕಾರು ಗಿಡಗಳಿಗೆ ದಿನವೂ ಕಣ್ಣಾಡಿಸುವುದಕ್ಕಿಂತ ಮಿಗಿಲಾದ ಔಷಧಿಯಿಲ್ಲ.

ಯಾವಾಗ ಕೊಯ್ಯಬೇಕು? ತೊಟ್ಟಿನ ಬಳಿ ಹಸಿರು ಹೋಗುವುದೇ ಇಲ್ಲವಲ್ಲ?

ತೊಟ್ಟಿನ ಸುತ್ತಲಿನ ಹಸಿರು ಹೆಗಲು ಈ ತಳಿಗಳ ಹುಟ್ಟುಗುಣ. ಅದು ಹೋಗಲೆಂದು ಕಾದರೆ ತಳ ಮೆತ್ತಗಾಗುತ್ತದೆ. ತಳದಲ್ಲಿ ಬಣ್ಣ ತಿರುಗಿ ಹಣ್ಣಿನ ಅರ್ಧಕ್ಕೆ ಹಬ್ಬಿದಾಗ ಕತ್ತರಿಯಿಂದ ತೊಟ್ಟು ಸಮೇತ ಬಿಡಿಸಿ ಒಳಗೆ ಹಣ್ಣಾಗಿಸಿದರೂ ರುಚಿಗೆ ಲೋಪವಿಲ್ಲ, ಅಳಿಲಿನ ಭಯವೂ ಇಲ್ಲ. ಫ್ರಿಜ್‌ನಲ್ಲಿ ಇಡಬೇಡಿ, ಪರಿಮಳ ಸಾಯುತ್ತದೆ. ಹೂವು ಮೂಡುವಾಗ ಚಳಿ ತಗಲಿದ ಹಣ್ಣುಗಳ ತಳ ಕಲೆಗಟ್ಟಿ ಮಡಚಿದಂತಿರುತ್ತದೆ. ಆ ಭಾಗ ಕೊಯ್ದು ತೆಗೆದು ಉಳಿದುದನ್ನು ನಿಶ್ಚಿಂತೆಯಿಂದ ತಿನ್ನಬಹುದು. ಒಂದು ಗಿಡಕ್ಕೆ ಹತ್ತು ಹನ್ನೆರಡು ಒಳ್ಳೆಯ ಹಣ್ಣು ದೊರೆತರೆ ತೃಪ್ತಿಪಡಬೇಕು.

ಮುಂದಿನ ವರ್ಷಕ್ಕೆ ಬೀಜ ಎತ್ತಿಡುವುದು ಹೇಗೆ?

ಆರಿಸುವುದು ಗಿಡವನ್ನು, ಹಣ್ಣನ್ನಲ್ಲ. ಇಡೀ ಅಂಗಳದಲ್ಲಿ ಅತಿ ದೊಡ್ಡ ಹಣ್ಣು ಬಿಟ್ಟದ್ದು ಒಂದೇ ಹಣ್ಣು ಕೊಟ್ಟ ಬಡಕಲು ಗಿಡವಾಗಿರಬಹುದು. ನಮಗೆ ಬೇಕಾದದ್ದು ನಮ್ಮ ಹವೆಯಲ್ಲಿ ಆರೋಗ್ಯವಾಗಿ ನಿಂತು, ಬೇಗ ಕಾಯಿ ಕಚ್ಚಿದ ಗಿಡದ ಬೀಜ. ದೊಡ್ಡ ಹೂವುಗಳಲ್ಲಿ ಪರಾಗ ಹಿಡಿಯುವ ಹೆಣ್ಣುಭಾಗವಾದ ಶಲಾಕೆ ಪರಾಗಕೊಳವೆಯಿಂದ ಹೊರಚಾಚಿರುವುದುಂಟು, ಅಲ್ಲಿಗೆ ದುಂಬಿ ಪಕ್ಕದ ಗಿಡದ ಪರಾಗ ತಂದು ಅಂಟಿಸುತ್ತದೆ. ಹಲವು ತಳಿಗಳನ್ನು ಒಟ್ಟಿಗೆ ಬೆಳೆಯುವವರು ಅರಳುವ ಮುನ್ನವೇ ಒಂದು ಗೊಂಚಲಿಗೆ ತೆಳು ಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ, ತೊಟ್ಟಿಗೆ ಕೆಂಪು ದಾರ ಸುತ್ತಿ ಗುರುತಿಡಬೇಕು.

ಪೂರ್ತಿ ಹಣ್ಣಾಗಿ ಮೆತ್ತಗಾದುದನ್ನು ಅಡ್ಡ ಕೊಯ್ದು, ಬೀಜವನ್ನು ಲೋಳೆಯೊಡನೆ ಒಂದು ಲೋಟಕ್ಕೆ ಹಿಂಡಿ, ಸ್ವಲ್ಪ ನೀರು ಬೆರಸಿ, ಬಟ್ಟೆ ಮುಚ್ಚಿ ನೆರಳಲ್ಲಿಡಿ. ಈ ಲೋಳೆ ಮೊಳಕೆಯನ್ನು ತಡೆಯುವ ವಸ್ತು, ಅದು ಹುಳಿತು ಕರಗಬೇಕು. ಎರಡನೆಯ ದಿನಕ್ಕೆ ಹುಳಿವಾಸನೆ ಏಳುತ್ತದೆ, ಮನೆಯವರು ಗೊಣಗುತ್ತಾರೆ. ಮೂರನೆಯ ದಿನ ಮೇಲೆ ಬಿಳಿ ಕೆನೆ ಕಟ್ಟುತ್ತದೆ. ಅಷ್ಟಕ್ಕೆ ನಿಲ್ಲಿಸಬೇಕು, ಇನ್ನೊಂದು ದಿನ ಬಿಟ್ಟರೆ ಬೀಜ ಲೋಟದಲ್ಲಿಯೇ ಮೊಳೆಯಬಹುದು. ನೀರು ಸುರಿದು ಕಲಕಿ, ತೇಲುವ ಜೊಳ್ಳನ್ನು ಚೆಲ್ಲಿ, ತಳದಲ್ಲಿ ನಿಂತ ಬೀಜವನ್ನು ಅಕ್ಕಿ ತೊಳೆದಂತೆ ನಾಲ್ಕೈದು ಸಲ ತೊಳೆದು, ಪಿಂಗಾಣಿ ತಟ್ಟೆಯ ಮೇಲೆ ಹರಡಿ ವಾರವಿಡೀ ನೆರಳಲ್ಲಿ ಒಣಗಿಸಿ. ಕಾಗದದ ಮೇಲೆ ಹರಡಿದರೆ ಅಂಟಿಕೊಂಡು ಬಿಡುವುದಿಲ್ಲ.

ಒಣಗಿದ ಬೀಜಕ್ಕೆ ಬೂದುಬಣ್ಣದ ಮೆತ್ತನೆಯ ರೋಮವಿರುತ್ತದೆ, ಉಗುರಿನಿಂದ ಒತ್ತಿದರೆ ಬಾಗದೆ ಮುರಿಯುತ್ತದೆ. ಕಾಗದದ ಲಕೋಟೆಯಲ್ಲಿ ಹಾಕಿ, ಹುರಿದು ಆರಿಸಿದ ಒಂದು ಹಿಡಿ ಅಕ್ಕಿಯೊಡನೆ ಗಾಜಿನ ಭರಣಿಯಲ್ಲಿ ಬಿಗಿದಿಟ್ಟರೆ ನಾಲ್ಕೈದು ವರ್ಷ ಮೊಳೆಯುವ ಶಕ್ತಿ ಉಳಿಯುತ್ತದೆ. ಲಕೋಟೆಯ ಮೇಲೆ ತಳಿಯ ಹೆಸರು, ಯಾರಿಂದ ಬಂದದ್ದು, ಬೀಜ ತೆಗೆದ ದಿನ, ಮತ್ತು ಆ ಗಿಡದಲ್ಲಿ ಮೊದಲ ಕಾಯಿ ಕಂಡ ದಿನಾಂಕ, ಇಷ್ಟನ್ನೂ ಪೆನ್ಸಿಲಿನಲ್ಲಿ ಬರೆಯಿರಿ; ಶಾಯಿ ಕೈಬೆವರಿಗೆ ಹರಡುತ್ತದೆ.